ನಡುಮನೆಯ ಗಣಿ

ಮೇ 12, ಸೋಮವಾರ

ಮೂರನೆಯ ತರಗತಿಯಲ್ಲಿ ಇವತ್ತು ಅರ್ಧಕ್ಕರ್ಧ ಬೆಂಚು ಖಾಲಿ. ಮಳೆ ನಿಂತು ದಾರಿ ಒಣಗಿತೆಂದರೆ ಪ್ರತಿ ವರ್ಷವೂ ಇದೇ ಪಾಡು. ಮಕ್ಕಳು ಪುಸ್ತಕ ಬಿಟ್ಟು ಅದಿರು ತೊಳೆಯಲು ಹೊಂಡಕ್ಕೆ ಹೋಗುತ್ತಾರೆ. ಹಾಜರಿ ಕೂಗುವಾಗ ಮ್ವಾದಿಯ ಹೆಸರಿಗೂ ಉತ್ತರ ಬರಲಿಲ್ಲ. ಭಾಗಾಕಾರವನ್ನು ಬೆರಳು ಮಡಚದೆ ಮಾಡುವ ಹುಡುಗಿ ಅವಳು. ಅವಳನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಶಾಲೆ ಮುಗಿದ ಮೇಲೆ ನೇರ ಹೊಂಡಕ್ಕೇ ಹೋದೆ.

ತುಕ್ಕಿನ ಬಣ್ಣದ ನೀರಿನಲ್ಲಿ ಮೊಣಕಾಲುದ್ದ ನಿಂತು ಹೆಂಗಸರು, ಮಕ್ಕಳು ಜರಡಿ ಆಡಿಸುತ್ತಿದ್ದರು. ಮ್ವಾದಿಯ ತಾಯಿ ಯೋಲಾಂದ್ ನನ್ನನ್ನು ಕಂಡವಳೇ ಮುಖ ಆ ಕಡೆ ತಿರುಗಿಸಿದಳು.

"ಮಳೆ ಶುರುವಾದ ಮೇಲೆ ಕಳಿಸ್ತೀನಿ ಬಿಡಿ ಮದಾಮ್. ಆಗ ಇಲ್ಲಿ ಕೆಲಸ ಇರಲ್ಲ."

"ಅಷ್ಟೊತ್ತಿಗೆ ಕಲಿತಿದ್ದೆಲ್ಲ ಮರೆತಿರ್ತಾಳೆ."

"ನಿಮ್ಮ ಮನೇಲಿ ಗಂಡ ಇದಾನೆ. ಹಾಗಾಗಿ ಇಂಥ ಮಾತು ಬರುತ್ತೆ."

ನಾನು ಹುಡುಗಿಯ ಕೈ ಹಿಡಿದು ಮೇಲೆತ್ತಿದೆ. ಬೆರಳುಗಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಬಿರಿದು, ಅಲ್ಲಲ್ಲಿ ರಕ್ತ ಜಿನುಗಿತ್ತು. "ನೋಡು ಯೋಲಾಂದ್. ಇದು ಹತ್ತು ವರ್ಷದವಳ ಕೈಯೇನೇ? ಮಧ್ಯಾಹ್ನದ ಊಟ ನನ್ನ ಜೊತೆ ಮಾಡಲಿ. ಪುಸ್ತಕದ ಚಿಂತೆಯೂ ನಿನಗೆ ಬೇಡ. ಮಗೂನ ಮಾತ್ರ ಕಳಿಸು."

ಯೋಲಾಂದ್ ಆ ಕೈಯನ್ನು ನೋಡಿದಳು. ಆಮೇಲೆ ಮಗಳ ಕೈಯಿಂದ ಜರಡಿ ಕಿತ್ತುಕೊಂಡು, "ಹೋಗು, ಕಾಲು ತೊಳ್ಕೊ" ಎಂದಳು. ದಾರಿಯುದ್ದಕ್ಕೂ ಮ್ವಾದಿ ನನ್ನ ಬಟ್ಟೆಯ ಚುಂಗು ಹಿಡಿದೇ ನಡೆದಳು.

ಮನೆಗೆ ಬಂದರೆ ನನ್ನ ಗಂಡ ಫಿಡೆಲ್‌ನ ಮೈಯೆಲ್ಲ ಕೆಂಪು ಮಣ್ಣು. ಪಕ್ಕದ ಮನೆಯ ಸೆವೆರಿನ್ ಪಾಯಿಖಾನೆಗೆ ಗುಂಡಿ ತೋಡುತ್ತಿದ್ದಾನಂತೆ, ಇವನು ಕೈಜೋಡಿಸಲು ಹೋಗಿದ್ದನಂತೆ. ಬುಕಾರಿ ಮುದ್ದೆ ಮುರಿದು ಬಾಯಿಗಿಡುವ ಮೊದಲು ಜೇಬಿನಿಂದ ಒಂದು ಕರಿಕಲ್ಲು ತೆಗೆದು ಮೇಜಿನ ಮೇಲಿಟ್ಟ.

"ಇದೇನು ಗೊತ್ತಾ ಕ್ಲೆಮಾನ್ಸ್? ಕೋಬಾಲ್ಟು."

ಅತ್ತೆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಪಾಯಿಖಾನೆಯಿಂದ ತಂದಿದ್ದನ್ನ ಊಟದ ಮುಂದೆ ಇಡ್ತೀಯಲ್ಲೋ. ಆಚೆ ಎಸಿ."

ಮೇ 16, ಶುಕ್ರವಾರ

ಸೆವೆರಿನ್ ಗುಂಡಿಯ ಮೇಲೆ ಕಿತ್ತಳೆ ಬಣ್ಣದ ತಾಡಪಾಲು ಕಟ್ಟಿದ್ದಾನೆ. ಒಳಗಿನಿಂದ ಹಗಲೆಲ್ಲ ಗುದ್ದಲಿಯ ಸದ್ದು. ಅವನ ಮನೆಯವರೆಲ್ಲ ನಮ್ಮ ಪಾಯಿಖಾನೆಗೇ ಬರುತ್ತಾರೆ. "ಇನ್ನೂ ಆಗಲಿಲ್ವಾ ನಿಮ್ಮದು?" ಎಂದು ಕೇಳಿದರೆ ಅವನ ಹೆಂಡತಿ ನೆಲ ನೋಡುತ್ತಾಳೆ. "ಇಷ್ಟು ಆಳದ ಗುಂಡಿ ಬೇಕು ಅಂದ್ರೆ ಅವನ ಹೊಟ್ಟೆ ಎಷ್ಟು ಕೆಟ್ಟಿರಬೇಕು" ಎಂದು ಅತ್ತೆ ಬೀದಿಗೆ ಕೇಳುವಂತೆ ಹೇಳಿದರು.

ಮ್ವಾದಿ ವಾರವಿಡೀ ಶಾಲೆಗೆ ಬಂದಳು.

ಜೂನ್ 8, ಭಾನುವಾರ

ಪೂಜೆಯ ಹೊತ್ತಿನಲ್ಲಿ ಪಾದ್ರಿಗಳ ಮಾತು ಯಾರಿಗೂ ಕೇಳಲಿಲ್ಲ. ಚರ್ಚಿನ ಹಿಂದಿನ ಅಂಗಳದಲ್ಲೂ ಗುಂಡಿಗೆ ಗಾಳಿ ಊದುವ ಜನರೇಟರು ಓಡುತ್ತಿದೆ. ನಮ್ಮ ಕೇರಿ ಕೊಲ್ವೆಜಿ ಪಟ್ಟಣದಲ್ಲೇ ಸಭ್ಯವಾದದ್ದು ಎಂದು ಒಂದು ಕಾಲದಲ್ಲಿ ಹೆಸರಿತ್ತು. ಗಣಿಯ ಗುಮಾಸ್ತರು, ಮೇಷ್ಟರು, ದರ್ಜಿಗಳು ಇದ್ದ ಜಾಗ. ಈಗ ಎಲ್ಲಿ ನೋಡಿದರೂ ಕಿತ್ತಳೆ ತಾಡಪಾಲು. ಗೊತ್ತುಗುರಿಯಿಲ್ಲದ ಗಂಡಸರು ತಲೆಗೆ ದೀಪ ಕಟ್ಟಿಕೊಂಡು ಬರಿಗಾಲಲ್ಲಿ ಓಡಾಡುತ್ತಾರೆ. ಗುಂಡಿಗೊಂದರಂತೆ ಬಿಯರಿನ ಗುಡಿಸಲೂ ಎದ್ದಿದೆ. ಎಂಟನೆಯ ತರಗತಿಯ ಒಬ್ಬಳು ತುಟಿಗೆ ಬಣ್ಣ ಬಳಿದುಕೊಂಡು ಅಲ್ಲಿ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಅಭ್ಯಾಸಬಲ.

ಫಿಡೆಲ್ ಇವತ್ತು ಬಾಯಿಬಿಟ್ಟು ಕೇಳಿಯೇಬಿಟ್ಟ.

"ನಮ್ಮ ನೆಲದಡೀಲೂ ಇದೆ. ಸೆವೆರಿನ್ ಗುಂಡೀಲಿ ಅದಿರಿನ ಎಳೆ ಯಾವ ಕಡೆ ಹೋಗಿದೆ ಅಂತ ನಾನೇ ನೋಡಿದೀನಿ."

"ಇದು ಮನೆ ಫಿಡೆಲ್."

"ಮನೆ ಅಂತ ಗೊತ್ತು. ಗ್ಯಾರೇಜು ಮುಚ್ಚಿದ ಮೇಲೆ ಈ ಮನೇಲಿ ಕೂತು ಕೂತು ನನಗೆ ಬೇರು ಬಂದಿದೆ."

ಹಳೆಯ ಗಣಿಯ ಲಾರಿಗಳನ್ನು ರಿಪೇರಿ ಮಾಡುತ್ತಿದ್ದವನು. ಕೆಲಸ ಹೋದಾಗಿನಿಂದ ಅವನ ಕೈಗಳು ಸುಮ್ಮನಿರಲು ಕಲಿತಿಲ್ಲ, ನನಗೆ ಗೊತ್ತು. ಆದರೂ ಹೇಳಿದೆ. ಈ ಮನೆಯ ಒಂದೊಂದು ಇಟ್ಟಿಗೆಯನ್ನೂ ಇದೇ ಅಂಗಳದ ಮಣ್ಣಿನಿಂದ ನಾವಿಬ್ಬರೇ ಅಚ್ಚು ಹಾಕಿ, ಸುಟ್ಟು, ಹೊತ್ತಿದ್ದೇವೆ. ನನ್ನ ಹೆಣದ ಮೇಲೆ ನಡೆದು ನೆಲ ಅಗೆ ಎಂದೆ. ಅವನು ಎದ್ದು ಹೊರಗೆ ಹೋದ.

ನಮಗೆ ಮಕ್ಕಳಿಲ್ಲ. ನಮ್ಮದು ಅಂತ ಇರುವುದು ಇದೊಂದು ಮನೆ.

ಜೂನ್ 21, ಶನಿವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮರಗೆಣಸಿನ ಸೊಪ್ಪು, ಒಣಮೀನು. ಅತ್ತೆ ಮೀನನ್ನು ಮೂಸಿ ನೋಡಿ, "ಇದು ಸತ್ತು ಎಷ್ಟು ವರ್ಷವಾಯ್ತೋ. ಬುಕಾಮಾದಲ್ಲಿ ನದೀಲಿ ಕೈ ಅದ್ದಿದ್ರೆ ಮೀನೇ ಬಂದು ಕೈ ಕುಲುಕುತ್ತಿತ್ತು" ಎಂದು ತಮ್ಮ ತವರಿನ ಪುರಾಣ ಶುರುಮಾಡಿದರು. ನಡುವೆ ಮಾತು ನಿಲ್ಲಿಸಿದರು.

ನೆಲದಡಿಯಿಂದ ಸದ್ದು ಬರುತ್ತಿತ್ತು. ಟಕ್, ಟಕ್. ಸ್ವಲ್ಪ ನಿಂತು ಮತ್ತೆ ಟಕ್. ತಟ್ಟೆಯಲ್ಲಿ ಚಮಚ ಅಲುಗಿತು. ನಮ್ಮ ಕಾಲ ಕೆಳಗೆ ಯಾರೋ ಅಗೆಯುತ್ತಿದ್ದರು.

ಫಿಡೆಲ್ ನನ್ನ ಮುಖವನ್ನೇ ನೋಡಿದ. ನಾನೇ ಎದ್ದು ಸೆವೆರಿನ್ ಮನೆಗೆ ಹೋದೆ.

"ನಿನ್ನ ಜನ ನಮ್ಮ ಮನೆ ಕೆಳಗೆ ಬಂದಿದ್ದಾರೆ."

ಸೆವೆರಿನ್ ಹೊಸ ಕುರ್ಚಿಯ ಮೇಲೆ ಕೂತಿದ್ದ. "ಕೆಳಗೆ ಹೋದವರಿಗೆ ಬೇಲಿ ಕಾಣಲ್ಲ ಮದಾಮ್. ಎಳೆ ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಹೋಗ್ತಾರೆ."

"ಮನೆ ಕುಸಿದರೆ?"

"ಕುಸಿಯೋದಾದ್ರೆ ನನ್ನದೂ ಕುಸಿಯುತ್ತೆ. ನಿಮಗೆ ಒಂದು ಮಾತು ಹೇಳಲಾ? ನೀವು ಅಗೀರಿ. ಎದುರಿಗೆ ಬರ್ತಾ ಇರೋರ ಸದ್ದು ಕೇಳಿದ್ರೆ ಮಾತ್ರ ನಮ್ಮ ಹುಡುಗರು ನಿಲ್ಲಿಸ್ತಾರೆ."

ಫಿಡೆಲ್ ಜೊತೆ ದೂರು ಕೊಡಲು ಬೀದಿಯ ಮುಖಂಡನ ಬಳಿ ಹೋದೆ. ಅವನ ಅಂಗಳದಲ್ಲೂ ತಾಡಪಾಲು ಇತ್ತು. ಪೊಲೀಸಿನವನೊಬ್ಬ ಅದರ ನೆರಳಲ್ಲಿ ಕೂತು ಬಿಯರು ಕುಡಿಯುತ್ತಿದ್ದ.

ವಾಪಸು ಬರುವಾಗ ಫಿಡೆಲ್‌ಗೆ ಹೇಳಿದೆ, ಅವರನ್ನು ತಡೆಯುವುದಕ್ಕಷ್ಟೇ ಅಗೆಯುವುದು, ಮಳೆಗಾಲಕ್ಕೆ ಮುಂಚೆ ಮುಚ್ಚಿ ಗಾರೆ ಹಾಕಿಬಿಡಬೇಕು ಎಂದು. ಅವನು ಆಯಿತು ಎಂದ.

ಜುಲೈ 5, ಶನಿವಾರ

ಶಾಲೆಗೆ ರಜೆ ಬಿಟ್ಟಿತು. ಫಲಿತಾಂಶ ಓದಿದೆ. ಮ್ವಾದಿ ತರಗತಿಗೇ ಮೊದಲನೆಯವಳು. ಯೋಲಾಂದ್ ಬಾಗಿಲಲ್ಲಿ ನಿಂತು ಅತ್ತಳು. ಆ ಮಗುವಿನ ನೆತ್ತಿಗೆ ಮುತ್ತಿಟ್ಟಾಗ ಇಡೀ ವರ್ಷ ಸಾರ್ಥಕವಾಯಿತು ಅನ್ನಿಸಿತು.

ಮನೆಗೆ ಬರುವಷ್ಟರಲ್ಲಿ ನಡುಮನೆಯ ಸಿಮೆಂಟು ನೆಲ ಒಡೆದಾಗಿತ್ತು. ನಾನು ಮೇಣ ತಿಕ್ಕಿ ಹೊಳಪು ಬರಿಸುತ್ತಿದ್ದ ನೆಲ. ಕಪಾಟು ಅಡುಗೆಮನೆಗೆ ಹೋಗಿದೆ. ಮದುವೆಯ ಫೋಟೊವನ್ನು ಧೂಳು ಬೀಳದಿರಲೆಂದು ಬಟ್ಟೆಯಲ್ಲಿ ಸುತ್ತಿಟ್ಟೆ. ಅಗೆಯುವ ತಂಡದ ಮುಖಂಡ ಬೊನಿಫಾಸ್, ಕಸಾಯ್ ಪ್ರಾಂತ್ಯದ ಕಡೆಯವನು, ಹಲ್ಲಿನ ನಡುವೆ ಸಂದಿ ಇರುವ ನಗುಮುಖದವನು. "ಮದಾಮ್, ನಿಮ್ಮ ಮನೆ ನೆಲ ಎಷ್ಟು ಗಟ್ಟಿ ಅಂದ್ರೆ ನಾಲ್ಕು ಸಲ ದೇವರನ್ನ ನೆನೆದೆ" ಎಂದ. ಅತ್ತೆ ತಮ್ಮ ಕೋಣೆಯ ಬಾಗಿಲಿಗೆ ಮಂಚ ಅಡ್ಡ ಹಾಕಿಕೊಂಡು ಕೂತಿದ್ದಾರೆ.

"ಇಲ್ಲಿ ಒಂದು ಹಾರೆ ಬಿದ್ರೆ ನಿನ್ನ ತಲೆ ಮೇಲೆ ನನ್ನ ಉಚ್ಚೆಪಾತ್ರೆ ಬೀಳುತ್ತೆ ಮಗನೇ" ಎಂದು ಬೊನಿಫಾಸ್‌ಗೆ ಎಚ್ಚರಿಕೆ ಕೊಟ್ಟಿದ್ದಾರೆ.

ಜುಲೈ 23, ಬುಧವಾರ

ಎಳೆ ಸಿಕ್ಕಿತು. ಮೂಟೆ ಮೇಲೆ ಬಂದಾಗ ಬೊನಿಫಾಸ್ ನೀರು ಸುರಿದು ತೋರಿಸಿದ. ಕಲ್ಲು ಕಾಡಿಗೆಯಂತೆ ಮಿಂಚಿತು, ಮಧ್ಯೆ ಮಧ್ಯೆ ತಾಮ್ರದ ಹಸಿರು. ಫಿಡೆಲ್ ನಡುಮನೆಯಲ್ಲೇ ಕುಣಿದ. ಅವನು ನಗುವುದನ್ನು ನೋಡಿ ಎಷ್ಟೋ ಕಾಲವಾಗಿತ್ತು.

ನಾನು ಗುಂಡಿಯ ಬಾಯಿಯಿಂದ ಬಗ್ಗಿ ನೋಡಲು ಹೋದರೆ ಎಲ್ಲರೂ ಹಿಂದೆ ಎಳೆದರು. ಹೆಂಗಸು ಬಗ್ಗಿದರೆ ಕಲ್ಲು ಮಾಯವಾಗುತ್ತದಂತೆ.

"ನಿಮ್ಮ ಕಲ್ಲಿಗೆ ನನ್ನನ್ನು ಕಂಡರೆ ಅಷ್ಟು ಭಯವಾ?" ಎಂದೆ.

"ನನಗೇ ಇದೆ, ಕಲ್ಲಿಗೆ ಇರಲ್ವಾ?" ಎಂದ ಫಿಡೆಲ್.

ಆಗಸ್ಟ್ 17, ಭಾನುವಾರ

ಚರ್ಚಿಗೆ ಹೋಗಲಾಗಲಿಲ್ಲ. ಭಾನುವಾರ ಅದಿರು ಖರೀದಿ ಅಂಗಡಿಯಲ್ಲಿ ಜನ ಕಡಿಮೆ, ಬೇಗ ಕೆಲಸವಾಗುತ್ತದೆ.

ಮೊದಲು ಫಿಡೆಲ್ ಮೂಟೆ ಒಯ್ಯುತ್ತಿದ್ದ. ಅಲ್ಲಿ ಪಿಸ್ತೂಲಿನ ಹಾಗಿರುವ ಯಂತ್ರವನ್ನು ಕಲ್ಲಿಗೆ ಒತ್ತಿ ಅದರ ಸತ್ವ ಎಷ್ಟೆಂದು ಓದುತ್ತಾರೆ. ಅಂಗಡಿಯವನು ಏನು ಹೇಳಿದರೂ ಇವನು ತಲೆ ಆಡಿಸಿ ಬರುತ್ತಿದ್ದ. ಈಗ ನಾನೇ ಹೋಗುತ್ತೇನೆ. "ಯಂತ್ರದ ಮುಖ ನನ್ನ ಕಡೆ ತಿರುಗಿಸಪ್ಪ, ನನಗೂ ಅಂಕಿ ಓದೋಕೆ ಬರುತ್ತೆ" ಎಂದೆ. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಅಂಗಡಿಯವನು ತಿರುಗಿಸಿದ. ಈಗ ನಾನು ಬಂದರೆ ಅವನೇ ಸ್ಟೂಲು ಹಾಕುತ್ತಾನೆ.

ಕಲ್ಲನ್ನು ಕೈಯಲ್ಲಿ ಹಿಡಿದರೇ ಈಗೀಗ ನನಗೆ ಅಂದಾಜು ಸಿಗುತ್ತದೆ. ತೂಕ, ತಣ್ಣಗಿನ ಸ್ಪರ್ಶ, ಬೆರಳಿಗೆ ಹತ್ತುವ ಕಪ್ಪು. ನನಗೆ ಇಂಥದೊಂದು ಕೈ ಇದೆ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಅತ್ತೆಗೆ ಕೆಮ್ಮು ಜೋರಾಗಿದೆ. ಧೂಳು ಎಲ್ಲಿ ಹೋಗಬೇಕು ಪಾಪ. ಬಾವಿಯ ನೀರು ಕದಡಿದೆ, ಬಾಯಿಗೆ ಹಾಕಿದರೆ ನಾಣ್ಯ ನೆಕ್ಕಿದ ಹಾಗೆ. ಹಿತ್ತಲ ಪಪ್ಪಾಯಿ ಗಿಡದ ಎಲೆಗಳು ಜೋತುಬಿದ್ದಿವೆ. ಕುಡಿಯಲು ಡಬ್ಬಿ ನೀರು ತರಿಸುತ್ತಿದ್ದೇವೆ.

ಸೆಪ್ಟೆಂಬರ್ 1, ಸೋಮವಾರ

ಇವತ್ತು ಶಾಲೆ ಶುರು. ಗಂಟೆಯ ಸದ್ದು ಮನೆಯವರೆಗೂ ಕೇಳಿಸಿತು. ಬೆಳಿಗ್ಗೆ ಮೂಟೆಗಳನ್ನು ತೂಗಿಸುವುದಿತ್ತು, ಹೋಗಲಾಗಲಿಲ್ಲ. ಮುಖ್ಯೋಪಾಧ್ಯಾಯಿನಿ ಸಿಸ್ಟರಿಗೆ ಹೇಳಿಕಳಿಸಿದೆ, ಒಂದು ವಾರ ತಡವಾಗುತ್ತದೆ ಎಂದು. ಸಿಸ್ಟರ್ ತಾವೇ ಬಂದರು. ಬಾಗಿಲಲ್ಲಿ ನಿಂತು ನಡುಮನೆಯ ಗುಂಡಿಯನ್ನು, ಗಾಳಿ ಊದುವ ಕೊಳವೆಯನ್ನು ನೋಡಿದರು.

"ನೀವೂ ಶುರುಮಾಡಿದ್ರಾ ಕ್ಲೆಮಾನ್ಸ್?"

"ನಾವು ಮಾಡದಿದ್ದರೆ ಪಕ್ಕದವರು ತಿಂದುಹಾಕುತ್ತಿದ್ದರು ಸಿಸ್ಟರ್."

ಅವರು ಕೂರಲಿಲ್ಲ. ಚಹಾ ಬೇಡ ಎಂದರು. ಸನ್ಯಾಸಿನಿಯರಿಗೆ ಊಟ ಎಲ್ಲಿಂದ ಬರುತ್ತದೆ ಎಂಬ ಯೋಚನೆ ಇರುವುದಿಲ್ಲ.

ಸೆಪ್ಟೆಂಬರ್ 20, ಶನಿವಾರ

ಯೋಲಾಂದ್ ಬಂದಿದ್ದಳು, ಮ್ವಾದಿಯನ್ನು ಕರೆದುಕೊಂಡು.

"ನೀವಿಲ್ಲದ ಮೇಲೆ ಮೂರು ತರಗತಿ ಸೇರಿಸಿ ಒಂದೇ ಕೋಣೇಲಿ ಕೂರಿಸಿದಾರೆ ಮದಾಮ್. ಅಲ್ಲಿ ಕೂತು ಏನು ಕಲೀತಾಳೆ? ಹೊಂಡದಲ್ಲಿ ಈಗ ಕುಡುಕರ ಕಾಟ. ನಿಮ್ಮ ಅಂಗಳದಲ್ಲಿ ಕಲ್ಲು ತೊಳೆಯೋಕೆ ಇಟ್ಕೊಳ್ಳಿ. ನಿಮ್ಮ ಕಣ್ಣೆದುರಿಗೆ ಇರ್ತಾಳಲ್ಲ ಅಂತ ಒಂದು ಧೈರ್ಯ."

ಯೋಚಿಸಿದೆ. ಆ ಹೊಂಡಕ್ಕಿಂತ ಇಲ್ಲಿ ಎಷ್ಟೋ ವಾಸಿ. ನಾನು ಶಾಲೆಗೆ ಮರಳುವವರೆಗೆ ಮಾತ್ರ ಎಂದು ಒಪ್ಪಿದೆ. ತೊಳೆಯುತ್ತಾ ತೊಳೆಯುತ್ತಾ ಮಗ್ಗಿ ಹೇಳಿಸಿದೆ. ಹದಿಮೂರರ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದಳು. ಬೊನಿಫಾಸನ ಹುಡುಗರು ಗುಂಡಿಯೊಳಗಿನಿಂದಲೇ ಅವಳ ಜೊತೆ ರಾಗ ಎಳೆದರು. ಮನೆಯಲ್ಲಿ ಗೆಲುವಿತ್ತು ಇವತ್ತು.

ಅತ್ತೆ ಒಳಗಿನಿಂದ ಕೆಮ್ಮುತ್ತಲೇ, "ಮಗೂಗೆ ನೆರಳಲ್ಲಾದ್ರೂ ಜಾಗ ಕೊಡೇ" ಎಂದರು. ನೆರಳಲ್ಲಿ ಕಲ್ಲಿನ ಬಣ್ಣ ಕಾಣಿಸುವುದಿಲ್ಲ. ಅವರಿಗೆ ಅದೆಲ್ಲ ತಿಳಿಯುವುದಿಲ್ಲ.

ಅಕ್ಟೋಬರ್ 4, ಶನಿವಾರ

ಎಳೆ ಎರಡಾಗಿ ಕವಲೊಡೆದಿದೆ. ಒಂದು ಸೆವೆರಿನ್ ಕಡೆ, ಒಂದು ಅತ್ತೆಯ ಕೋಣೆಯ ಕೆಳಗೆ. ಮೂಟೆ, ಮೂಟೆ, ಮೂಟೆ. ಬರೆಯಲು ಪುರುಸೊತ್ತಿಲ್ಲ.

ಅಕ್ಟೋಬರ್ 19, ಭಾನುವಾರ

ಮೊದಲ ಮಳೆ. ತಾಡಪಾಲಿನ ಮೇಲೆ ಬಡಿಯುವ ಸದ್ದಿಗೆ ಮಾತೇ ಕೇಳಿಸಲಿಲ್ಲ.

ಅದಕ್ಕಿಂತ ಕೆಟ್ಟ ಸುದ್ದಿ, ಧ್ವನಿವರ್ಧಕ ಕಟ್ಟಿದ ಗಾಡಿಯಲ್ಲಿ ಬಂತು. ಕೇರಿಯನ್ನು ಪೂರ್ತಿ ಖಾಲಿ ಮಾಡಬೇಕಂತೆ. ಈ ನೆಲವನ್ನು ಯಾವುದೋ ಕಂಪನಿಗೆ ಕೊಟ್ಟಾಗಿದೆಯಂತೆ. ಕ್ರಿಸ್ಮಸ್ಸಿನ ಹೊತ್ತಿಗೆ ಸುತ್ತ ಗೋಡೆ ಏಳುತ್ತದಂತೆ. ಬೇರೆಡೆ ಜಾಗ ತೋರಿಸುತ್ತಾರಂತೆ, ಎಲ್ಲಿ ಎಂದು ಗಾಡಿಯವನಿಗೂ ಗೊತ್ತಿಲ್ಲ. ಇಷ್ಟು ದಿನ ಕಂಡೂ ಕಾಣದಂತಿದ್ದವರಿಗೆ ಈಗ ನೆಲ ನಮ್ಮದಲ್ಲ ಎಂದು ನೆನಪಾಗಿದೆ. ನಾವು ಪತ್ತೆ ಹಚ್ಚಿಕೊಡಬೇಕು, ಅವರು ಗೋಡೆ ಕಟ್ಟಿಕೊಳ್ಳಬೇಕು.

ಹಾಗಾದರೆ ಅಷ್ಟರೊಳಗೆ ಆದಷ್ಟನ್ನು ತೆಗೆಯಲೇಬೇಕು.

ಮ್ವಾದಿ ಕೈ ನೋಯುತ್ತದೆ ಎಂದಳು. ಈ ಕೆಲಸದಲ್ಲಿ ಎಲ್ಲರ ಕೈಯೂ ಹಾಗೆಯೇ ಆಗುತ್ತದೆ. ಹಚ್ಚಿಕೊಳ್ಳಲು ತಾಳೆಣ್ಣೆ ಕೊಟ್ಟೆ. ಇವತ್ತು ಅವಳು ತೊಳೆದ ರಾಶಿಯಲ್ಲಿ ಮಣ್ಣು ಹಾಗೇ ಉಳಿದಿತ್ತು. ಗಮನ ಎಲ್ಲೋ ಇಟ್ಟು ಕೆಲಸ ಮಾಡಿದರೆ ಹೀಗೇ ಎಂದು ಗದರಬೇಕಾಯಿತು.

ಅಕ್ಟೋಬರ್ 27, ಸೋಮವಾರ

ನಿನ್ನೆಯಿಂದ ಫಿಡೆಲ್ ಗುಂಡಿಗೆ ಇಳಿದಿಲ್ಲ. ತಂಡವೂ ಹೊರಗೇ ಕೂತು ಇಸ್ಪೀಟಾಡುತ್ತಿದೆ.

"ಮಣ್ಣು ಬೆವರ್ತಾ ಇದೆ ಕ್ಲೆಮಾನ್ಸ್. ಕೈಯಿಟ್ಟರೆ ಅಂಟುತ್ತೆ. ಮಳೆಗಾಲಕ್ಕೆ ಮುಂಚೆ ಮುಚ್ಚಬೇಕು ಅಂತ ನೀನೇ ಅಂದಿದ್ದೆ."

"ಆಗ ಗೋಡೆ ವಿಷಯ ಎಲ್ಲಿತ್ತು? ಈಗ ಮುಚ್ಚಿದರೆ ಕಂಪನಿಯವರಿಗೆ ಉಡುಗೊರೆ ಕೊಟ್ಟ ಹಾಗೆ."

"ಕೊಡೋಣ. ನಮಗೆ ಬೇಕಾದಷ್ಟು ಸಿಕ್ಕಿದೆ. ಅಮ್ಮನ್ನ ಕರ್ಕೊಂಡು ಬುಕಾಮಾಗೆ ಹೋಗೋಣ. ಅಲ್ಲಿ ದೋಣಿ ಎಂಜಿನ್ ರಿಪೇರಿ ಮಾಡ್ಕೊಂಡು ಇರ್ತೀನಿ."

"ಸೆವೆರಿನ್ ಜನ ಇವತ್ತೂ ಇಳಿದಿದ್ದಾರೆ. ಕವಲಿನ ಬಾಯಿ ಅವರಿಗೆ ಸಿಕ್ಕರೆ ಎಲ್ಲ ಅವರದೇ."

"ಸಿಗಲಿ."

"ನಿನಗೆ ಹೆದರಿಕೆ ಅಂತ ಹೇಳು. ನಾನೇ ಇಳಿತೀನಿ, ಕಲ್ಲು ಮಾಯವಾದರೂ ಚಿಂತೆಯಿಲ್ಲ."

ಬೊನಿಫಾಸನ ಹುಡುಗರು ಇಸ್ಪೀಟು ನಿಲ್ಲಿಸಿ ನಮ್ಮ ಕಡೆ ನೋಡಿದರು. ಫಿಡೆಲ್ ಅವರನ್ನು ನೋಡಿದ. ಆಮೇಲೆ, "ನಾಳೆ ಮಳೆ ಬರದಿದ್ರೆ ಇಳಿತೀವಿ" ಎಂದ.

ಅತ್ತೆ ಕೋಣೆಯಿಂದ ಹೊರಗೆ ಬಂದು ಮಗನ ಪಕ್ಕ ಕೂತರು. ಅವನ ತಲೆಯಲ್ಲಿದ್ದ ಒಣಮಣ್ಣನ್ನು ಒಂದೊಂದೇ ಹೆಕ್ಕಿ ತೆಗೆಯುತ್ತಿದ್ದರು, ಚಿಕ್ಕ ಹುಡುಗನಿಗೆ ಹೇನು ತೆಗೆಯುವಂತೆ.

ಅಕ್ಟೋಬರ್ 28, ಮಂಗಳವಾರ

ಬೆಳಿಗ್ಗೆ ಬಿಸಿಲಿತ್ತು. ಇಳಿದರು. ಮಧ್ಯಾಹ್ನ ಅಂಗಳದಲ್ಲಿದ್ದೆ. ಸದ್ದೇನೂ ಜೋರಾಗಿ ಬರಲಿಲ್ಲ. ಯಾರೋ ಹಾಸಿಗೆಯ ಮೇಲೆ ಬಿದ್ದ ಹಾಗೆ. ಗಾಳಿಯ ಕೊಳವೆ ಹಾವಿನ ಹಾಗೆ ಒಮ್ಮೆ ಎಗರಿ ಬಿತ್ತು. ಅತ್ತೆಯ ಕೋಣೆಯ ಗೋಡೆ ಒಳಕ್ಕೆ ಬಾಗಿತು.

ಫಿಡೆಲ್ ಕೆಳಗಿದ್ದಾನೆ. ಅಗೆಯುತ್ತಿದ್ದಾರೆ.

ಅಕ್ಟೋಬರ್ 30, ಗುರುವಾರ

ಫಿಡೆಲ್, ಬೊನಿಫಾಸ್, ಇನ್ನಿಬ್ಬರು. ಸಿಕ್ಕರು. ಬೊನಿಫಾಸ್ ಫಿಡೆಲ್‌ನನ್ನು ಹಿಡಿದುಕೊಂಡೇ ಇದ್ದನಂತೆ.

ಸೆವೆರಿನ್ ಜನ ತಮ್ಮ ಕಡೆಯಿಂದ ಅಗೆದು ತೆಗೆದರು.

ಇವತ್ತು ಮಣ್ಣು ಮಾಡಿದೆವು. ಮೇಲಿನಿಂದ ಮಣ್ಣು ಸುರಿಯುವಾಗ ನಾನು ಬೇಡ ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ.

ನವೆಂಬರ್ 9, ಭಾನುವಾರ

ಅಂಗಳದಲ್ಲಿ ಸೂತಕದ ಹೆಂಗಸರು ಚಾಪೆ ಹಾಸಿ ಕೂತಿದ್ದರು, ಇವತ್ತು ಎದ್ದು ಹೋದರು. ಅಳು ನಿಂತ ಮೇಲೆ ಎಲ್ಲರೂ ಮಾತಾಡುವುದು ಗೋಡೆಯ ವಿಷಯವನ್ನೇ. ಯೋಲಾಂದ್ ದಿನವೂ ಅಡುಗೆ ಮಾಡಿ ಹಾಕಿದಳು. ಮ್ವಾದಿ ನನ್ನ ಪಕ್ಕವೇ ಮಲಗುತ್ತಿದ್ದಳು.

ಅವನ ಅಂಗಿಯನ್ನು ಒಗೆದೆ. ಎಷ್ಟು ಸಲ ಹಿಂಡಿದರೂ ಕೆಂಪು ನೀರು ಬಿಡುತ್ತಲೇ ಇತ್ತು.

ಅತ್ತೆ ಒಂದು ಹನಿ ಅಳಲಿಲ್ಲ. ಊರ ಕಡೆ ಹೋಗುವ ಲಾರಿ ಯಾವ ದಿನ ಹೊರಡುತ್ತದೆ ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು.

ನವೆಂಬರ್ 16, ಭಾನುವಾರ

ಹೊಸ ತಂಡ ಸಿಕ್ಕಿತು. ಮೊದಲು ಬಂದವರು ಗುಂಡಿ ನೋಡಿ ತಲೆ ಕೆರೆದುಕೊಂಡು ಹೋದರು. ಇವರು ಒಪ್ಪಿದರು.

ಅತ್ತೆ ಕೇಳಿದರು, "ಅವನು ಸತ್ತ ಗುಂಡಿಗೆ ಮತ್ತೆ ಜನರನ್ನ ಇಳಿಸ್ತೀಯಾ?"

"ಈಗ ಬಿಟ್ಟುಬಿಟ್ಟರೆ ಅವನು ಯಾತಕ್ಕೆ ಸತ್ತ ಅತ್ತೆ?"

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಅಪರಿಚಿತರನ್ನು ಗುರುತು ಹಿಡಿಯಲು ನೋಡುವ ಹಾಗೆ. ವಯಸ್ಸಾಯಿತು, ಕಣ್ಣೂ ಮಂಜು.

ಸಿಸ್ಟರ್ ಹೇಳಿಕಳಿಸಿದ್ದರು, ನನ್ನ ಕೆಲಸ ನನಗಾಗಿ ಹಾಗೇ ಇದೆ, ಯಾವಾಗ ಬೇಕಾದರೂ ಬರಬಹುದು ಎಂದು. ಒಳ್ಳೆಯವರು.

ನವೆಂಬರ್ 23, ಭಾನುವಾರ

ಕುಸಿದ ಮಣ್ಣನ್ನು ಕವಲಿನವರೆಗೆ ತೆಗೆದಾಯಿತು. ಅದರಾಚೆಗೆ ಬಂಡೆಯೊಂದು ಅಡ್ಡ ಕೂತಿದೆ. ಅದನ್ನು ಅಲುಗಿಸಿದರೆ ಮೇಲಿನದೆಲ್ಲ ಬರುತ್ತದೆ. ಬಂಡೆಯ ಪಕ್ಕ ಸಂದಿಯಿದೆ, ದೀಪ ಹಿಡಿದು ನೋಡಿದವನು ಹೇಳಿದ, ಆ ಕಡೆ ಎಳೆ ಕಪ್ಪಗೆ, ತೊಡೆಯ ಗಾತ್ರ ಇದೆಯಂತೆ. ಕೈಗೆ ಬಂದು ಒಡೆಯುವಷ್ಟು ಸಡಿಲವಾಗಿದೆಯಂತೆ. ಗಂಡಸರ ಹೆಗಲು ಆ ಸಂದಿಯಲ್ಲಿ ಹಿಡಿಸುವುದಿಲ್ಲ.

ಮಧ್ಯಾಹ್ನ ಮ್ವಾದಿಗೆ ಬುಕಾರಿ ಬಡಿಸುತ್ತಾ ಸುಮ್ಮನೆ ಕೇಳಿದೆ, "ಕತ್ತಲಂದ್ರೆ ನಿನಗೆ ಹೆದರಿಕೆಯಾ?"

"ಇಲ್ಲ ಮದಾಮ್."

"ಇಕ್ಕಟ್ಟು ಜಾಗ?"

ಅವಳು ಯೋಚಿಸಿದಳು. "ನೀವು ಮೇಲೆ ಇರ್ತೀರಲ್ಲ?"

"ಹಗ್ಗ ನನ್ನ ಕೈಯಲ್ಲೇ ಇರುತ್ತೆ."

"ಹಾಗಾದ್ರೆ ಹೆದರಿಕೆಯಿಲ್ಲ."

ಜಾಣ ಹುಡುಗಿ. ಎರಡು ಸಲ ಹೇಳಿಸಿಕೊಳ್ಳುವುದಿಲ್ಲ. ಸೊಂಟಕ್ಕೆ ಹಗ್ಗ, ಸಣ್ಣ ಸುತ್ತಿಗೆ, ಅರ್ಧ ಚೀಲ. ಬುಧವಾರ ಬಿಸಿಲಿದ್ದರೆ ಎಂದುಕೊಂಡಿದ್ದೇನೆ. ಹೆಣ್ಣು ಕೆಳಗಿಳಿಯಬಾರದು ಎಂದು ತಂಡದವರು ಗೊಣಗಿದರು. ಅವಳಿನ್ನೂ ಹೆಣ್ಣಲ್ಲ, ಮಗು ಎಂದು ಬಾಯಿ ಮುಚ್ಚಿಸಿದೆ.

ಅತ್ತೆ ಬಾಗಿಲ ಬಳಿ ಕೂತು ಮೀನು ಬಿಡಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡಿರಬೇಕು. ಕೆಮ್ಮಲೂ ಇಲ್ಲ.

ನವೆಂಬರ್ 25, ಮಂಗಳವಾರ

ಅತ್ತೆ ಹೊರಟುಹೋದರು. ಬೆಳಿಗ್ಗೆ ನಾನು ಖರೀದಿ ಅಂಗಡಿಯಿಂದ ಬರುವಷ್ಟರಲ್ಲಿ ಅವರ ಬಟ್ಟೆಗಂಟು ಇರಲಿಲ್ಲ. ಮಂಚ ಒಂದೇ ಇತ್ತು, ಬಾಗಿಲಿಗೆ ಅಡ್ಡ. ಹೇಳಿದ್ದರೆ ದಾರಿಗೆ ಬುತ್ತಿ ಕಟ್ಟಿಕೊಡುತ್ತಿರಲಿಲ್ಲವೇ? ಲಾರಿಯವರೆಗೆ ಗಂಟು ಹೊರುತ್ತಿರಲಿಲ್ಲವೇ?

ಮ್ವಾದಿಯೂ ಬರಲಿಲ್ಲ. ಹಗ್ಗದ ಅಳತೆ ನೋಡುವುದಿತ್ತು. ಯೋಲಾಂದ್ ಮನೆಗೆ ಹೋದೆ. ಅವಳು ಹೊಸ್ತಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ.

"ನಿಮ್ಮತ್ತೆ ಬಂದಿದ್ರು. 'ಹುಡುಗೀನ ಕೊಡು, ನದಿ ದಡದಲ್ಲಿ ಸಾಕ್ತೀನಿ, ಅಲ್ಲೂ ಶಾಲೆ ಇದೆ' ಅಂದ್ರು. ಕಳಿಸಿಕೊಟ್ಟೆ."

"ಆ ಮುದುಕಿಗೆ ತನ್ನ ಕಾಲ ಮೇಲೆ ತಾನು ನಿಲ್ಲೋಕಾಗಲ್ಲ ಯೋಲಾಂದ್. ನನ್ನನ್ನು ಒಂದು ಮಾತು ಕೇಳಬಾರದಾಗಿತ್ತಾ?"

"ಕೇಳಬೇಡ ಅಂದ್ರು."

"ಯಾಕಂತೆ?"

ಯೋಲಾಂದ್ ಬಾಗಿಲ ಮೇಲೆ ಕೈಯಿಟ್ಟಳು. ಮೊದಲೆಲ್ಲ ನನ್ನೆದುರು ತಲೆ ತಗ್ಗಿಸಿ ನಿಲ್ಲುತ್ತಿದ್ದವಳು, ಇವತ್ತು ನೆಟ್ಟಗೆ ನೋಡುತ್ತಿದ್ದಳು. ಬಾಗಿಲು ಮುಚ್ಚಿದಳು. ಆ ಮಗುವಿಗೆ ನಾನು ಮಾಡಿದ್ದನ್ನು ಬೇರೆ ಯಾರು ಮಾಡುತ್ತಿದ್ದರು? ಅನ್ನ ಹಾಕಿದೆ, ಅಕ್ಷರ ಕಲಿಸಿದೆ. ಉಪಕಾರ ಎಂಬುದು ಈ ಕೇರಿಯಲ್ಲಿ ಉಳಿದಿಲ್ಲ.

ಅತ್ತೆಯ ಕೋಣೆಯೀಗ ಖಾಲಿ. ಆ ಕಡೆಯಿಂದಲೂ ನೆಲ ಒಡೆಯಬಹುದು, ತಂಡದವರಿಗೆ ಹೇಳಿದ್ದೇನೆ.

ಕೇರಿಯ ಆ ತುದಿಯಲ್ಲಿ ಗೋಡೆಗೆ ಕಂಬ ನೆಡಲು ಶುರುಮಾಡಿದ್ದಾರೆ. ಒಂದು ದಿನವನ್ನೂ ಕಳೆಯುವಂತಿಲ್ಲ. ಸಣ್ಣ ಹೆಗಲಿನವರು ಒಬ್ಬರು ಬೇಕೇಬೇಕು, ಹೇಳಿದ ಮಾತು ಕೇಳುವವರು. ನಾಳೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಹೋಗಿ ನಿಲ್ಲುತ್ತೇನೆ. ಬಿಳಿ ಕಾಲರಿನ ನೀಲಿ ಬಟ್ಟೆ ಹಾಕಿಕೊಂಡು ಹೋದರೆ ಒಳ್ಳೆಯದು. ತರಗತಿಗೆ ಯಾವಾಗಲೂ ಅದನ್ನೇ ಹಾಕುತ್ತಿದ್ದೆ, ದೂರದಿಂದಲೇ ಗುರುತು ಹಿಡಿದು ಓಡಿ ಬರುತ್ತವೆ ಮಕ್ಕಳು.